ಸಿಮ್ ರೂಟರ್, ದಿನಕ್ಕೆ 2 ಜಿಬಿ: ಡೇಟಾ ಎಲ್ಲಿ ಹೋಗುತ್ತಿದೆ ಅಂತ ಅಳೆಯೋದು ಹೇಗೆ?

ಅಡಿಕೆತೋಟ

ನಮ್ಮ ಮನೆ ತೀರ್ಥಹಳ್ಳಿಯಿಂದ ಒಳಗೆ. ಫೈಬರ್ ಬಂದಿಲ್ಲ, ಸದ್ಯಕ್ಕೆ ಬರುವ ಲಕ್ಷಣವೂ ಇಲ್ಲ. ಅದಕ್ಕೆ ಸಿಮ್ ಹಾಕುವ 4ಜಿ ರೂಟರ್ ತಂದು ಮಹಡಿಯ ಕಿಟಕಿಗೆ ಕಟ್ಟಿದ್ದೇವೆ, ಅಲ್ಲಿ ಮಾತ್ರ ಎರಡು ಕಡ್ಡಿ ಸಿಗ್ನಲ್ ಸಿಗುತ್ತದೆ. ಪ್ಲಾನ್ ದಿನಕ್ಕೆ 2 ಜಿಬಿ. ಅದು ಮುಗಿದ ಮೇಲೆ ವೇಗ 64 ಕೆಬಿಪಿಎಸ್‌ಗೆ ಇಳಿಯುತ್ತದೆ. ವಾಟ್ಸಾಪ್ ಮೆಸೇಜ್ ಹೇಗೋ ಹೋಗುತ್ತದೆ, ಉಳಿದದ್ದೆಲ್ಲ ಸುತ್ತುತ್ತಾ ಕೂರುತ್ತದೆ.

ಇತ್ತೀಚೆಗೆ ಬೆಳಿಗ್ಗೆ ತಿಂಡಿ ಹೊತ್ತಿಗೇ ಅರ್ಧ ಖಾಲಿ. ಮಧ್ಯಾಹ್ನಕ್ಕೆ ಪೂರ್ತಿ. ನನ್ನ ಕೆಲಸ ಶುರುವಾಗೋದೇ ಮಧ್ಯಾಹ್ನ. ಮನೆಯಲ್ಲಿ ಕೇಳಿದರೆ ಯಾರೂ ಬಳಸಿಲ್ಲ. ಮೂರೂ ಫೋನಿನ ಡೇಟಾ ಯೂಸೇಜ್ ತೆಗೆದು ನೋಡಿದೆ, ಎಲ್ಲದರಲ್ಲೂ ಕೆಲವೇ ಎಂಬಿ. ಕಂಪನಿಯ ಆ್ಯಪ್ ಮಾತ್ರ ಪೂರ್ತಿ ಮುಗಿದಿದೆ ಅನ್ನುತ್ತದೆ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ "ನೀವೇ ಬಳಸಿದ್ದು ಸರ್" ಅಂದರು. ಯಾವ ಕಂಪನಿ ಅಂತ ಕೇಳಬೇಡಿ, ಅದರ ಜಗಳ ಇಲ್ಲಿ ಬೇಡ.

ನನಗೆ ಬೇಕಾಗಿರೋದು ಇಷ್ಟು: ಒಟ್ಟು ಎಷ್ಟು ಹೋಯಿತು, ಯಾವ ಸಾಧನ ತಿಂದಿತು, ಅದರಲ್ಲಿ ಯಾವ ಆ್ಯಪ್. ರೂಟರ್‌ಗೆ ಸೇರಿರುವುದು ಮೂರು ಆಂಡ್ರಾಯ್ಡ್ ಫೋನ್, ವಿಂಡೋಸ್ 11 ಇರುವ ಲ್ಯಾಪ್‌ಟಾಪ್, ಒಂದು ಟಿವಿ. "ಫೈಬರ್ ಹಾಕಿಸಿ" ಅನ್ನುವವರು ದಯವಿಟ್ಟು ಸುಮ್ಮನಿರಿ.

ಸುಮ್ನೆಓದುವವ

ಫೈಬರ್ ಹಾಕಿಸಿ.

ತಮಾಷೆಗೆ ಹೇಳಿದ್ದು, ಬೈಬೇಡಿ. ನನಗೂ ಇದರ ಉತ್ತರ ಬೇಕು.

ಹಳೇಮೋಡೆಮ್

ಫೋನಿನಲ್ಲಿ ನೀವು ನೋಡಿದ ಪುಟವೇ ಬೇರೆ. ಡೇಟಾ ಯೂಸೇಜ್ ಅಂತ ಆಂಡ್ರಾಯ್ಡ್ ಮೊದಲು ತೋರಿಸುವುದು ಆ ಫೋನಿನೊಳಗಿನ ಸಿಮ್‌ನ ಲೆಕ್ಕ. ನಿಮ್ಮ ಫೋನುಗಳು ಮನೆಯಲ್ಲಿ ವೈಫೈ ಮೇಲಿವೆ. ಆ ಲೆಕ್ಕ ಇನ್ನೊಂದು ಪುಟದಲ್ಲಿರುತ್ತದೆ. ವೈಫೈ ಡೇಟಾ ಯೂಸೇಜ್ ಅಂತಲೋ, ಕೆಲವು ಹೊಸ ಫೋನುಗಳಲ್ಲಿ ನಾನ್-ಕ್ಯಾರಿಯರ್ ಡೇಟಾ ಯೂಸೇಜ್ ಅಂತಲೋ ಹೆಸರಿರುತ್ತದೆ. ಅಲ್ಲಿ ಆ್ಯಪ್‌ವಾರು ಪಟ್ಟಿ ಸಿಗುತ್ತದೆ. ಮೊದಲು ಅದನ್ನು ತೆಗೆದು ನೋಡಿ.

ಇನ್ನೊಂದು ವಿಷಯ, ನನ್ನ ಪ್ರಕಾರ ನಿಮ್ಮ ರೋಗದ ಮೂಲ ಇಲ್ಲೇ ಇದೆ. ಫೋನು, ಲ್ಯಾಪ್‌ಟಾಪು ಎಲ್ಲದರ ತಲೆಯಲ್ಲೂ ಒಂದು ನಂಬಿಕೆ ಕೂತಿದೆ: ವೈಫೈ ಅಂದರೆ ಪುಕ್ಕಟೆ. ಆ್ಯಪ್ ಅಪ್‌ಡೇಟ್ ವೈಫೈನಲ್ಲಿ ಮಾತ್ರ, ಫೋಟೋ ಬ್ಯಾಕಪ್ ವೈಫೈನಲ್ಲಿ ಮಾತ್ರ, ವಾಟ್ಸಾಪ್ ಬ್ಯಾಕಪ್ ವೈಫೈನಲ್ಲಿ ಮಾತ್ರ. ವಾಟ್ಸಾಪ್‌ನ ಆಟೋ ಡೌನ್‌ಲೋಡ್ ನೋಡಿ. ನೀವು ಬದಲಾಯಿಸದೆ ಬಿಟ್ಟಿದ್ದರೆ ಮೊಬೈಲ್ ಡೇಟಾದಲ್ಲಿ ಫೋಟೋ ಮಾತ್ರ ಇಳಿಯುತ್ತದೆ, ವೈಫೈ ಸಿಕ್ಕರೆ ವಿಡಿಯೋ, ಆಡಿಯೋ, ಡಾಕ್ಯುಮೆಂಟ್ ಎಲ್ಲವೂ ತಾನಾಗೇ ಇಳಿಯುತ್ತದೆ. ಡೇಟಾ ಉಳಿಸಲಿ ಅಂತ ಮಾಡಿದ ಏರ್ಪಾಡು ಸಿಮ್ ರೂಟರ್ ಇರುವ ಮನೆಯಲ್ಲಿ ಪೂರ್ತಿ ತಿರುಗುಮುರುಗು ಆಗುತ್ತದೆ. ಆ ವೈಫೈ ಹಿಂದೆ 2 ಜಿಬಿ ಸಿಮ್ ಕೂತಿದೆ ಅಂತ ಫೋನಿಗೆ ಗೊತ್ತಾಗೋದಾದರೂ ಹೇಗೆ?

ಈಗ ಹೊತ್ತು ನೋಡಿ. ದಿನದ ಕೋಟಾ ಹೊಸದಾಗೋದು ರಾತ್ರಿ 12ಕ್ಕೆ. ಅಪ್‌ಡೇಟ್, ಬ್ಯಾಕಪ್ ಕೆಲಸಗಳು ಸಾಮಾನ್ಯವಾಗಿ ಓಡೋದು ಫೋನ್ ಚಾರ್ಜಿಗೆ ಹಾಕಿ, ವೈಫೈಯಲ್ಲಿ, ಯಾರೂ ಮುಟ್ಟದೆ ಇದ್ದಾಗ. ಅದು ರಾತ್ರಿಯೇ ಅಲ್ವಾ? ಬೆಳಿಗ್ಗೆ ತಿಂಡಿ ಹೊತ್ತಿಗೆ ಅರ್ಧ ಖಾಲಿ ಆಗೋದರಲ್ಲಿ ನನಗೆ ಆಶ್ಚರ್ಯ ಕಾಣಲಿಲ್ಲ.

ಪೆಂಗ್ವಿನ್‌ಪ್ರಿಯ

ಹಳೇಮೋಡೆಮ್ ಹೇಳಿದ್ದು ಸರಿ. ಆದರೆ ಫೋನಿಂದ ಫೋನಿಗೆ ಹೋಗಿ ಕೂಡಿಸುತ್ತಾ ಕೂತರೆ ಲೆಕ್ಕ ಎಂದೂ ತಾಳೆ ಆಗಲ್ಲ. ಎಲ್ಲ ಡೇಟಾ ಹಾದು ಹೋಗೋದು ಒಂದೇ ಕಿಂಡಿಯಲ್ಲಿ, ಅದು ರೂಟರ್. ಒಟ್ಟು ಲೆಕ್ಕ ಅಲ್ಲೇ ಹಿಡಿಯಬೇಕು. ಕರೆಂಟ್ ಮೀಟರ್ ಮನೆಗೊಂದು ಇರುತ್ತದೆಯೇ ಹೊರತು ಪ್ರತಿ ಬಲ್ಬಿಗೊಂದು ಇರಲ್ಲವಲ್ಲ, ಹಾಗೆ.

ರೂಟರ್‌ನ ಅಡ್ಮಿನ್ ಪುಟ ತೆರೆಯಿರಿ. ವಿಳಾಸ ಸಾಮಾನ್ಯವಾಗಿ ಅದರ ಹಿಂದೆ ಅಂಟಿಸಿದ ಚೀಟಿಯಲ್ಲಿ ಇರುತ್ತದೆ. ಸ್ಟ್ಯಾಟಿಸ್ಟಿಕ್ಸ್ ಅಥವಾ ಟ್ರಾಫಿಕ್ ಅಂತ ಒಂದು ಪುಟ ಹೆಚ್ಚಿನ ಸಿಮ್ ರೂಟರ್‌ಗಳಲ್ಲಿ ಇದೆ. ಅಲ್ಲಿ ಎರಡು ಅಂಕಿ ಇರುತ್ತದೆ, ಇಳಿದದ್ದು ಮತ್ತು ಏರಿದ್ದು. ಎರಡನ್ನೂ ಕೂಡಿಸಬೇಕು. ತುಂಬಾ ಜನ ಡೌನ್‌ಲೋಡ್ ಮಾತ್ರ ನೋಡುತ್ತಾರೆ. ಕಂಪನಿ ಅಪ್‌ಲೋಡನ್ನೂ ಕೋಟಾದಿಂದಲೇ ಕಳೆಯುತ್ತದೆ.

ಎಚ್ಚರ ಬೇಕಾದದ್ದು ಎರಡು. ಒಂದು, ಕೆಲವು ರೂಟರ್ ಕರೆಂಟ್ ಹೋಗಿ ಬಂದರೆ ಈ ಅಂಕಿಯನ್ನು ಸೊನ್ನೆ ಮಾಡಿಬಿಡುತ್ತವೆ. ಮಲೆನಾಡಿನಲ್ಲಿ ಕರೆಂಟ್ ಎಷ್ಟು ಸಲ ಹೋಗುತ್ತದೆ ಅಂತ ನಾನು ಹೇಳಬೇಕಾಗಿಲ್ಲ. ಎರಡು, ಹಳೇ ಮಾಡೆಲ್‌ಗಳಲ್ಲಿ ಎಣಿಕೆ 32 ಬಿಟ್‌ನದ್ದು. ಅದರಲ್ಲಿ ಹಿಡಿಸುವುದು 4,294,967,295 ಬೈಟ್‌ವರೆಗೆ ಮಾತ್ರ. ಆಮೇಲೆ ಮತ್ತೆ ಸೊನ್ನೆಯಿಂದ ಶುರು. ದಿನಕ್ಕೆ 2 ಜಿಬಿ ಬಳಸುವವರಿಗೆ ಎರಡೇ ದಿನದಲ್ಲಿ ಅದು ಸುತ್ತು ಹೊಡೆಯುತ್ತದೆ. ದಿನಾ ನೋಡಿ ಬರೆದಿಟ್ಟರೆ ತೊಂದರೆ ಇಲ್ಲ, ತಿಂಗಳಿಗೊಮ್ಮೆ ನೋಡಿದರೆ ಆ ಅಂಕಿಗೆ ಅರ್ಥ ಇರಲ್ಲ.

ಸಾಧನವಾರು ಲೆಕ್ಕ ಬೇಕೆಂದರೆ ನನ್ನ ಇಷ್ಟದ ದಾರಿ ಓಪನ್‌ಡಬ್ಲ್ಯೂಆರ್‌ಟಿ (ರೂಟರ್‌ಗೆಂದೇ ಇರುವ ಲಿನಕ್ಸ್) ಹಾಕಿದ ಸಣ್ಣ ರೂಟರ್. ಸಿಮ್ ರೂಟರ್‌ನ ಲ್ಯಾನ್ ತಂತಿಯನ್ನು ಅದಕ್ಕೆ ಕೊಟ್ಟು, ಮನೆಯ ಎಲ್ಲ ಸಾಧನಗಳನ್ನೂ ಇದರ ವೈಫೈಗೆ ಸೇರಿಸಿ. ಅದರಲ್ಲಿ ಎನ್‌ಎಲ್‌ಬಿಡಬ್ಲ್ಯೂಮಾನ್ ಅಂತ ಪ್ಯಾಕೇಜ್ ಇದೆ. ಯಾವ ಸಾಧನ ಎಷ್ಟು ಇಳಿಸಿತು, ಎಷ್ಟು ಏರಿಸಿತು ಅಂತ ಪಟ್ಟಿ ಕೊಡುತ್ತದೆ. ಹಾರ್ಡ್‌ವೇರ್ ಫ್ಲೋ ಆಫ್‌ಲೋಡಿಂಗ್ ಆನ್ ಇದ್ದರೆ ಅದನ್ನು ಮೊದಲು ಆಫ್ ಮಾಡಿ. ಆನ್ ಇದ್ದರೆ ಪ್ಯಾಕೆಟ್‌ಗಳು, ಅಂದರೆ ಡೇಟಾದ ತುಂಡುಗಳು, ಎಣಿಸುವವನ ಕಣ್ಣಿಗೆ ಬೀಳದೆ ಹಾದು ಹೋಗಬಹುದು, ಆಗ ಲೆಕ್ಕ ಕಡಿಮೆ ತೋರಿಸುತ್ತದೆ. ನಿಮ್ಮ ವೇಗಕ್ಕೆ ಅದು ಬೇಕಾಗಿಯೂ ಇಲ್ಲ.

ಅಡಿಕೆತೋಟ

ಇನ್ನೊಂದು ರೂಟರ್ ಕೊಳ್ಳುವ ಮನಸ್ಸಿಲ್ಲ. ಇರುವುದರಲ್ಲಿ ಸ್ಟ್ಯಾಟಿಸ್ಟಿಕ್ಸ್ ಪುಟ ಸಿಕ್ಕಿತು. ಒಟ್ಟು ಮಾತ್ರ ತೋರಿಸುತ್ತದೆ, ಯಾರು ಅಂತ ಇಲ್ಲ. ನೀವು ಹೇಳಿದ ಹಾಗೆ ಕರೆಂಟ್ ಹೋದರೆ ಸೊನ್ನೆ.

ಇನ್ನೊಂದು ವಿಚಿತ್ರ. ಅದೇ ಅಡ್ಮಿನ್ ಪುಟದಲ್ಲಿ ಎಸ್‌ಎಂಎಸ್ ಅಂತ ಇನ್‌ಬಾಕ್ಸ್ ಇತ್ತು. ತೆಗೆದರೆ 50% ಆಯಿತು, 90% ಆಯಿತು, ಮುಗಿಯಿತು ಅಂತ ಕಂಪನಿಯ ಮೆಸೇಜುಗಳ ರಾಶಿ. ಯಾರೂ ಓದದೆ ಅಲ್ಲೇ ಬಿದ್ದಿತ್ತು.

ಟವರ್‌ಕೆಳಗೆ

ಟೆಲಿಕಾಂ ಲೈನ್‌ನಲ್ಲಿ ಕೆಲಸ ಮಾಡಿದವನು, ಸ್ವಲ್ಪ ಹೇಳುತ್ತೇನೆ.

ಆ ಎಸ್‌ಎಂಎಸ್‌ಗಳು ಸುಮ್ನೆ ಬಂದದ್ದಲ್ಲ. ಡೇಟಾ ಮಿತಿಯ 50, 90, 100 ಶೇಕಡಾ ಮುಟ್ಟಿದಾಗ ಗ್ರಾಹಕನಿಗೆ ತಿಳಿಸಬೇಕು ಅಂತ ಟ್ರಾಯ್ (ಟೆಲಿಕಾಂ ನಿಯಂತ್ರಣ ಪ್ರಾಧಿಕಾರ) ನಿಯಮ ಇದೆ. ಸಿಮ್ ರೂಟರ್‌ನಲ್ಲಿದ್ದರೆ ಮೆಸೇಜೂ ರೂಟರ್‌ಗೇ ಬರುತ್ತದೆ. ಕಂಪನಿಯ ಆ್ಯಪ್‌ನ ಒಟಿಪಿ ಕೂಡ ಅಲ್ಲಿಗೇ. ಕೆಲವು ರೂಟರ್‌ಗಳಲ್ಲಿ ಎಸ್‌ಎಂಎಸ್ ಫಾರ್ವರ್ಡ್ ಅಂತ ಆಯ್ಕೆ ಇರುತ್ತದೆ, ಅದಿದ್ದರೆ ನಿಮ್ಮ ನಂಬರ್ ಹಾಕಿ. ಈ ಮೆಸೇಜ್ ಬಂದ ಹೊತ್ತು ಬರೆದಿಟ್ಟುಕೊಂಡರೆ ಅದೇ ಒಂದು ಅಳತೆ, ಪುಕ್ಕಟೆ ಅಳತೆ. 50% ಮೆಸೇಜ್ ಬೆಳಗಿನ ಜಾವ 4ಕ್ಕೆ ಬಂದಿದ್ದರೆ ಟಿವಿ ಮೇಲೆ ಅನುಮಾನ ಪಡಬೇಕಾಗಿಲ್ಲ.

ಎರಡನೆಯದು, ನಿಮ್ಮ ಅಂಕಿಯೂ ಕಂಪನಿಯ ಅಂಕಿಯೂ ಒಂದೇ ಇರಲ್ಲ. ಯಾಕೆ ಅಂದರೆ ಎಣಿಸುವ ಜಾಗ ಬೇರೆ. ನಿಮ್ಮ ಫೋನ್ ತನ್ನ ಹತ್ತಿರ ತಲುಪಿದ್ದನ್ನು ಎಣಿಸುತ್ತದೆ. ಕಂಪನಿ ಎಣಿಸೋದು ತನ್ನ ಕೋರ್ ನೆಟ್‌ವರ್ಕ್‌ನ ಗೇಟ್‌ವೇಯಲ್ಲಿ, ಅಂದರೆ ಟವರ್‌ಗಿಂತಲೂ ಹಿಂದೆ. ಗೇಟ್‌ವೇ ದಾಟಿದ ಪ್ಯಾಕೆಟ್ ಲೆಕ್ಕಕ್ಕೆ ಸೇರಿತು. ಅದು ನಿಮ್ಮ ಕಿಟಕಿಗೆ ಬರುವಷ್ಟರಲ್ಲಿ ಸಿಗ್ನಲ್ ಕಡಿದು ಕಳೆದು ಹೋದರೆ ಸರ್ವರ್ ಮತ್ತೆ ಕಳಿಸುತ್ತದೆ, ಅದೂ ಗೇಟ್‌ವೇ ದಾಟುತ್ತದೆ, ಮತ್ತೆ ಲೆಕ್ಕ. ಗಾಳಿಯಲ್ಲಿ ಸಣ್ಣಪುಟ್ಟದ್ದನ್ನು ಮತ್ತೆ ಕಳಿಸುವುದು ಇದಕ್ಕೆ ಸೇರಲ್ಲ, ಅದನ್ನು ಟವರ್ ಮತ್ತು ಫೋನ್ ತಮ್ಮೊಳಗೇ ಸರಿ ಮಾಡಿಕೊಳ್ಳುತ್ತವೆ. ಸಂಪರ್ಕ ಪೂರ್ತಿ ಕಡಿದಾಗ, ಪ್ಯಾಕೆಟ್‌ಗಳು ಸರದಿಗೆ ಕಾಯುವ ಬಫರ್ ತುಂಬಿ ಚೆಲ್ಲಿದಾಗ ಮಾತ್ರ ಈ ವ್ಯತ್ಯಾಸ. ಎರಡು ಕಡ್ಡಿ ಇರುವ ಮನೆಯಲ್ಲಿ ಅದು ಬೆಂಗಳೂರಿಗಿಂತ ಜಾಸ್ತಿ ಇರುತ್ತದೆ.

ಮೂರನೆಯದು ಜಿಬಿ ಅನ್ನುವ ಅಳತೆಯೇ ಎರಡು ಬಗೆ. ಒಂದು 100 ಕೋಟಿ ಬೈಟ್. ಇನ್ನೊಂದು 1024ರ ಲೆಕ್ಕದಲ್ಲಿ ಬರುವ 107 ಕೋಟಿ ಚಿಲ್ಲರೆ ಬೈಟ್. ವಿಂಡೋಸ್ ಎರಡನೆಯದನ್ನು ಬಳಸಿ ಜಿಬಿ ಅಂತಲೇ ಬರೆಯುತ್ತದೆ. ಬರೀ ಇದರಿಂದಲೇ 7% ವ್ಯತ್ಯಾಸ ಬರುತ್ತದೆ. ಹಾಗಾಗಿ ಎರಡು ಮೀಟರ್ ನಡುವೆ ಐದು ಹತ್ತು ಶೇಕಡಾ ವ್ಯತ್ಯಾಸ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಅರ್ಧಕ್ಕರ್ಧ ಇದ್ದರೆ ಮಾತ್ರ ಹುಡುಕಿ.

ಕಡ್ಡಿಮುರಿ

ಟವರ್‌ಕೆಳಗೆ ಅವರು ಕಂಪನಿಯ ವಕೀಲರ ಹಾಗೆ ಮಾತಾಡುತ್ತಿದ್ದಾರೆ. ನಾನು ಹೇಳ್ತೀನಿ ಕೇಳಿ, ಎಲ್ಲ ಮೋಸ. ದಿನಕ್ಕೆ ಇಷ್ಟು ಅಂತ ಕೊಡೋದೇ ಮೋಸ. ಉಳಿದದ್ದು ನಾಳೆಗೆ ಬರಲ್ಲ, ಜಾಸ್ತಿ ಬೇಕಾದ ದಿನ ಸಿಗಲ್ಲ. 28 ದಿನಕ್ಕೆ 56 ಜಿಬಿ ಅಂತ ಒಟ್ಟಿಗೆ ಕೊಟ್ಟುಬಿಡಲಿ, ನಾವು ಬೇಕಾದ ಹಾಗೆ ಖರ್ಚು ಮಾಡುತ್ತೇವೆ.

ಟವರ್‌ಕೆಳಗೆ

ದಿನದ ಕೋಟಾ ನನಗೂ ಇಷ್ಟ ಇಲ್ಲ, ಅದು ಬೇರೆ ಮಾತು. ಎಣಿಕೆಯಲ್ಲಿ ಮೋಸ ಇದೆಯೋ ಇಲ್ಲವೋ ಅನ್ನುವುದಕ್ಕೆ ಪರೀಕ್ಷೆ ಇದೆ, ಮಾಡಿ ನೋಡಿ. ಸಿಮ್ಮನ್ನು ರೂಟರ್‌ನಿಂದ ತೆಗೆದು ಒಂದು ಫೋನಿಗೆ ಹಾಕಿ. ಕಂಪನಿ ಆ್ಯಪ್‌ನಲ್ಲಿ ಉಳಿದ ಡೇಟಾ ಎಷ್ಟು ಅಂತ ಬರೆದುಕೊಳ್ಳಿ. ಗಾತ್ರ ಗೊತ್ತಿರುವ ಒಂದು ಫೈಲ್, 500 ಎಂಬಿಯದ್ದು ಅಂತ ಇಟ್ಟುಕೊಳ್ಳಿ, ಅದನ್ನು ಇಳಿಸಿ. ಯಾವುದಾದರೂ ಲಿನಕ್ಸ್ ಐಎಸ್‌ಒ (ಇನ್‌ಸ್ಟಾಲ್ ಮಾಡುವ ಫೈಲ್) ಆದೀತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿ, ತಕ್ಷಣ ನೋಡಿದರೆ ಆ್ಯಪ್ ಹಳೇ ಅಂಕಿ ತೋರಿಸುತ್ತಿರಬಹುದು. 500 ಹೋಗಬೇಕಾದಲ್ಲಿ 520, 530 ಹೋದರೆ ಸಹಜ. ಪ್ಯಾಕೆಟ್‌ಗಳ ಹೆಡರ್, ಅಂದರೆ ಪ್ರತಿ ತುಂಡಿನ ಮೇಲಿನ ವಿಳಾಸದ ಚೀಟಿ, ಅಂತ ಶೇಕಡಾ ಎರಡು ಮೂರು ಇರುತ್ತದೆ, ಹಿಂದೆ ಓಡುವ ಬೇರೆ ಆ್ಯಪ್‌ಗಳದ್ದು ಸ್ವಲ್ಪ. 800 ಹೋದರೆ ಸ್ಕ್ರೀನ್‌ಶಾಟ್ ಹಿಡಿದು ದೂರು ಕೊಡಿ, ನಾನೂ ನಿಮ್ಮ ಪಕ್ಷ.

ಕಡ್ಡಿಮುರಿ

ಅದಕ್ಕೆ 500 ಎಂಬಿ ನಾನೇ ಸುಡಬೇಕಲ್ಲ! ಒಳ್ಳೆ ಪರೀಕ್ಷೆ.

ಕಾಫಿನಾಡಮೇಷ್ಟ್ರು

ಚಿಕ್ಕಮಗಳೂರಿನಿಂದ. ನಮ್ಮ ಮನೆಯಲ್ಲಿ ರೂಟರ್ ಕೂಡ ಇಲ್ಲ, ಫೋನ್ ಹಾಟ್‌ಸ್ಪಾಟ್‌ನಲ್ಲೇ ಲ್ಯಾಪ್‌ಟಾಪ್ ಓಡುತ್ತದೆ. ಫೋನಿನ ಡೇಟಾ ಯೂಸೇಜ್ ಪಟ್ಟಿಯಲ್ಲಿ ಹಾಟ್‌ಸ್ಪಾಟ್ ಅಂಡ್ ಟೆದರಿಂಗ್ ಅಂತ ಒಂದು ಸಾಲು ಬರುತ್ತದೆ. ಲ್ಯಾಪ್‌ಟಾಪ್ ತಿಂದದ್ದೆಲ್ಲ ಆ ಒಂದೇ ಸಾಲಿನಲ್ಲಿ. ಒಳಗೆ ಏನಾಯಿತು ಅನ್ನುವುದನ್ನು ಲ್ಯಾಪ್‌ಟಾಪ್‌ನಲ್ಲೇ ನೋಡಬೇಕು.

ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ನೆಟ್‌ವರ್ಕ್ ಅಂಡ್ ಇಂಟರ್ನೆಟ್, ಅಡ್ವಾನ್ಸ್ಡ್ ನೆಟ್‌ವರ್ಕ್ ಸೆಟ್ಟಿಂಗ್ಸ್, ಅದರೊಳಗೆ ಡೇಟಾ ಯೂಸೇಜ್. ಕಳೆದ 30 ದಿನದ ಆ್ಯಪ್‌ವಾರು ಲೆಕ್ಕ ಸಿಗುತ್ತದೆ. ಲಿಮಿಟ್ ಕೂಡ ಹಾಕಬಹುದು. ಅದಕ್ಕಿಂತ ಮುಖ್ಯ, ನಿಮ್ಮ ವೈಫೈ ಹೆಸರಿನ ಪ್ರಾಪರ್ಟೀಸ್‌ಗೆ ಹೋಗಿ ಮೀಟರ್ಡ್ ಕನೆಕ್ಷನ್, ಅಂದರೆ ಈ ವೈಫೈಗೆ ಡೇಟಾ ಮಿತಿ ಇದೆ ಅನ್ನುವ ಗುರುತು, ಆನ್ ಮಾಡಿ. ಆಗ ಹೆಚ್ಚಿನ ಅಪ್‌ಡೇಟ್‌ಗಳು ತಾವಾಗೇ ಇಳಿಯಲ್ಲ, ತೀರಾ ಅಗತ್ಯದ ಕೆಲವು ಬಿಟ್ಟು. ಒನ್‌ಡ್ರೈವ್ ಕೂಡ ನಿಲ್ಲುತ್ತದೆ. ಈ ಗುರುತು ವೈಫೈ ಹೆಸರಿಗೆ ಅಂಟಿಕೊಂಡಿರುತ್ತದೆ. ರೂಟರ್ ಹೆಸರು ಬದಲಾಯಿಸಿದರೆ ಮತ್ತೆ ಆನ್ ಮಾಡಬೇಕು. ಡೆಲಿವರಿ ಆಪ್ಟಿಮೈಸೇಶನ್ ಅಂತ ಇನ್ನೊಂದಿದೆ. ಅದರಲ್ಲಿ ಇಂಟರ್ನೆಟ್ ಮೇಲಿನ ಬೇರೆ ಕಂಪ್ಯೂಟರ್‌ಗಳಿಗೂ ಕೊಡು ಅನ್ನುವ ಆಯ್ಕೆ ಆನ್ ಇದ್ದರೆ ನೀವು ಇಳಿಸಿದ ಅಪ್‌ಡೇಟಿನ ತುಂಡುಗಳನ್ನು ಊರಿಗೆಲ್ಲ ಹಂಚುತ್ತಾ ಕೂರುತ್ತದೆ. ಆಫ್ ಮಾಡಿ.

ಆಂಡ್ರಾಯ್ಡ್‌ನಲ್ಲೂ ಇದೇ ಇದೆ, ಯಾರೂ ಹೇಳಲಿಲ್ಲ ಯಾಕೋ. ವೈಫೈ ಹೆಸರಿನ ವಿವರ ತೆಗೆದರೆ ಟ್ರೀಟ್ ಆ್ಯಸ್ ಮೀಟರ್ಡ್ ಅಂತ ಆಯ್ಕೆ ಸಿಗುತ್ತದೆ. ಅದನ್ನು ಒತ್ತಿದರೆ ಹಳೇಮೋಡೆಮ್ ಹೇಳಿದ ಆ "ಪುಕ್ಕಟೆ" ಭ್ರಮೆ ಹೋಗುತ್ತದೆ. ಐಫೋನ್ ಆದರೆ ಅದೇ ಜಾಗದಲ್ಲಿ ಲೋ ಡೇಟಾ ಮೋಡ್, ಐಒಎಸ್ 13ರಿಂದ ಇದೆ.

ಆನ್‌ಲೈನ್ ಪಾಠದ ಲೆಕ್ಕ ಕೇಳುವವರಿಗೆ: ಒಂದು ಎಂಬಿಪಿಎಸ್‌ನಲ್ಲಿ ಒಂದು ಗಂಟೆ ಸತತ ಹರಿದರೆ 450 ಎಂಬಿ. ಎಂಬಿಪಿಎಸ್‌ನಲ್ಲಿರುವುದು ಬಿಟ್, ಕೋಟಾದಲ್ಲಿರುವುದು ಬೈಟ್, ಅದಕ್ಕೆ 8ರಿಂದ ಭಾಗಿಸಬೇಕು. ಇಬ್ಬರೇ ಮಾತಾಡುವ ಝೂಮ್ ವಿಡಿಯೋ ಕಾಲ್‌ಗೆ ಅವರೇ ಹೇಳುವ ಪ್ರಕಾರ 600 ಕೆಬಿಪಿಎಸ್ ಹೋಗಲು, 600 ಬರಲು ಬೇಕು. ಗಂಟೆಗೆ ಸುಮಾರು 540 ಎಂಬಿ ಆಯಿತು. 720ಪಿ ಮಾಡಿದರೆ ಅದರ ಎರಡರಷ್ಟು. ಮಕ್ಕಳಿಗೆ ನಾನು ಕ್ಯಾಮೆರಾ ಆಫ್ ಮಾಡಿ ಅನ್ನುವುದು ಶಿಸ್ತು ಸಡಿಲ ಮಾಡಲು ಅಲ್ಲ, ಅವರಪ್ಪನ ರೀಚಾರ್ಜ್ ಉಳಿಯಲಿ ಅಂತ.

ಸುಮ್ನೆಓದುವವ

ಟಿವಿ ಬಗ್ಗೆ ಯಾರಾದರೂ ಹೇಳಿ. ನಮ್ಮನೆ ಟಿವಿಯಲ್ಲಿ ಲೆಕ್ಕ ತೋರಿಸುವ ಪುಟವೇ ಕಾಣಲಿಲ್ಲ.

ಹಳೇಮೋಡೆಮ್

ಟಿವಿಯನ್ನು ಕಳೆದು ತಿಳಿಯಬೇಕು. ರೂಟರ್ ಒಟ್ಟಿನಿಂದ ಉಳಿದ ಎಲ್ಲವನ್ನೂ ಕಳೆದರೆ ಉಳಿದದ್ದು ಟಿವಿ. ಅಥವಾ ಬೇರೆಲ್ಲವನ್ನೂ ವೈಫೈನಿಂದ ಬಿಡಿಸಿ ಟಿವಿ ಒಂದರಲ್ಲೇ ಅರ್ಧ ಗಂಟೆ ನೋಡಿ, ರೂಟರ್ ಅಂಕಿ ಎಷ್ಟು ಏರಿತು ನೋಡಿ. ಅಂದಾಜು ಬೇಕೆಂದರೆ ನೆಟ್‌ಫ್ಲಿಕ್ಸ್ ತನ್ನ ಸಹಾಯ ಪುಟದಲ್ಲೇ ಹಾಕಿದೆ: ಮೀಡಿಯಂನಲ್ಲಿ ಗಂಟೆಗೆ 0.7 ಜಿಬಿವರೆಗೆ, ಎಚ್‌ಡಿಯಲ್ಲಿ 3 ಜಿಬಿವರೆಗೆ, 4ಕೆಯಲ್ಲಿ 7 ಜಿಬಿವರೆಗೆ. ದಿನಕ್ಕೆ 2 ಜಿಬಿ ಇರುವವರ ಮನೆಯಲ್ಲಿ ಟಿವಿ ಆಟೋದಲ್ಲಿದ್ದರೆ ಒಂದು ಸಿನಿಮಾದ ಇಂಟರ್ವಲ್‌ಗೇ ಕಥೆ ಮುಗಿಯಬಹುದು. ಆ್ಯಪ್ ಒಳಗೆ ಗುಣಮಟ್ಟವನ್ನು ಕೈಯಾರೆ ಇಳಿಸಿ.

ಹಳೇ ಕಥೆ ಒಂದು. ಬಿಎಸ್‌ಎನ್‌ಎಲ್ ಡೇಟಾಒನ್ ಬ್ರಾಡ್‌ಬ್ಯಾಂಡ್ ಕಾಲದಲ್ಲಿ, 2005ರ ಆಮೇಲೆ, ತಿಂಗಳಿಗೇ 1 ಜಿಬಿ ಅನ್ನುವಂಥ ಪ್ಲಾನ್ ಇತ್ತು. ಕೆಲವು ಪ್ಲಾನ್‌ಗಳಲ್ಲಿ ರಾತ್ರಿ 2ರಿಂದ ಬೆಳಿಗ್ಗೆ 8ರವರೆಗೆ ಲೆಕ್ಕ ಇರಲಿಲ್ಲ. ಡೌನ್‌ಲೋಡ್ ಮ್ಯಾನೇಜರ್‌ಗೆ 2 ಗಂಟೆಗೆ ಶುರು ಮಾಡು ಅಂತ ಹೇಳಿ ಮಲಗುತ್ತಿದ್ದೆವು. ಈಗ ದಿನಕ್ಕೆ 2 ಜಿಬಿ ಸಾಲದು. ವೆಬ್‌ಪುಟಗಳು ಅಷ್ಟು ದಪ್ಪ ಆಗಿವೆ.

ಹಡಗುಭಟ್ರು

ಉಡುಪಿಯವನು, ಮರ್ಚೆಂಟ್ ನೇವಿ. ನಿಮ್ಮ 2 ಜಿಬಿ ಕೇಳಿ ನಗು ಬಂತು. ನಾನು ಕೆಲಸ ಮಾಡಿದ ಕೆಲವು ಹಡಗುಗಳಲ್ಲಿ ತಿಂಗಳಿಗೇ ಎಂಬಿ ಲೆಕ್ಕದ ಕಾರ್ಡ್ ಕೊಡುತ್ತಿದ್ದರು. ಅಲ್ಲಿ ಕಲಿತ ಒಂದೆರಡು ಮಾತು.

ಒಂದು ಪುಟ ಎಷ್ಟು ತೂಗುತ್ತದೆ ಅಂತ ಲ್ಯಾಪ್‌ಟಾಪ್ ಬ್ರೌಸರ್‌ನಲ್ಲೇ ನೋಡಬಹುದು. ಎಫ್12 ಒತ್ತಿ, ನೆಟ್‌ವರ್ಕ್ ಟ್ಯಾಬ್ ತೆರೆದು ಪುಟ ಲೋಡ್ ಮಾಡಿ. ಕೆಳಗೆ ಟ್ರಾನ್ಸ್‌ಫರ್ಡ್ ಅಂತ ಬರುವುದೇ ನಿಮ್ಮ ಕೋಟಾದಿಂದ ಹೋಗುವ ಅಂಕಿ. ಪಕ್ಕದ ದೊಡ್ಡ ಅಂಕಿ ಬಿಚ್ಚಿದ ಮೇಲಿನ ಗಾತ್ರ, ಅದಕ್ಕೆ ಹೆದರಬೇಡಿ. ದಿನಾ ತೆರೆಯುವ ನ್ಯೂಸ್ ಸೈಟುಗಳನ್ನು ಹೀಗೆ ಒಂದೊಂದಾಗಿ ತೂಗಿ ನೋಡಿ, ಯಾವುದನ್ನು ಬಿಡಬೇಕು ಅಂತ ತಾನಾಗೇ ಗೊತ್ತಾಗುತ್ತದೆ. ಫೈರ್‌ಫಾಕ್ಸ್ ಬ್ರೌಸರ್‌ನಲ್ಲಿ ಯುಬ್ಲಾಕ್ ಒರಿಜಿನ್ ಅನ್ನುವ ಜಾಹೀರಾತು ತಡೆಯುವ ಎಕ್ಸ್‌ಟೆನ್ಶನ್ ಹಾಕಿದರೆ ಇಷ್ಟು ಕೆಬಿಗಿಂತ ದೊಡ್ಡ ಚಿತ್ರ, ವಿಡಿಯೋ ತಡೆ ಅನ್ನುವ ಆಯ್ಕೆ ಇದೆ. ನಾನು ಅದನ್ನು 50ಕ್ಕೆ ಇಟ್ಟಿದ್ದೆ. ಬೇಕಾದ ಚಿತ್ರ ಒತ್ತಿದರೆ ಮಾತ್ರ ಬರುತ್ತದೆ.

ಇನ್ನೊಂದು, ಸ್ಪೀಡ್ ಟೆಸ್ಟ್ ಚಟ ಬಿಡಿ. 50 ಎಂಬಿಪಿಎಸ್ ಲೈನ್‌ನಲ್ಲಿ ಹತ್ತು ಸೆಕೆಂಡ್ ಟೆಸ್ಟ್ ಓಡಿದರೆ ಇಳಿಕೆಗೇ 62 ಎಂಬಿ ಹೋಗುತ್ತದೆ. ನೆಟ್ ಸ್ಲೋ ಅಂತ ನಾಲ್ಕು ಸಲ ಒತ್ತುವವರನ್ನು ನೋಡಿದ್ದೇನೆ.

ಮಂಡ್ಯಹುಡುಗ

ನಮ್ಮೂರಲ್ಲಿ 5ಜಿ ಬಂದಿದೆ, 5ಜಿ ಅನ್‌ಲಿಮಿಟೆಡ್ ಪ್ಲಾನ್. ಆದರೂ ಕೋಟಾ ಮುಗಿಯಿತು ಅಂತ ಮೆಸೇಜ್ ಬರುತ್ತದೆ. ಫೋನಿನಲ್ಲಿ ನೋಡಿದರೆ ಒಂದೇ ದಿನ 9 ಜಿಬಿ. ಇದನ್ನು ಹೇಗೆ ಅಳೆಯೋದು ಗುರುಗಳೇ?

ಟವರ್‌ಕೆಳಗೆ

ಇದು ನಿಜಕ್ಕೂ ಗೋಜಲು. ನೀವು 5ಜಿಯಲ್ಲಿ ಇದ್ದಾಗ ಬಳಸಿದ್ದು ಕೋಟಾದಿಂದ ಹೋಗಲ್ಲ. 4ಜಿಗೆ ಜಾರಿದಾಗ ಬಳಸಿದ್ದು ಹೋಗುತ್ತದೆ. ಮನೆ ಒಳಗಿನ ಕೋಣೆಯಲ್ಲಿ, ಬಸ್ಸಿನಲ್ಲಿ, ಊರ ಅಂಚಿನಲ್ಲಿ ಫೋನ್ ಹಿಂದೆ ಮುಂದೆ ಜಾರುತ್ತಲೇ ಇರುತ್ತದೆ. ಫೋನಿನ ಮೀಟರ್ ಸಾಮಾನ್ಯವಾಗಿ ಎರಡನ್ನೂ ಒಂದೇ ರಾಶಿಗೆ ಹಾಕುತ್ತದೆ. ಹಾಗಾಗಿ ನಿಮ್ಮ 9 ಜಿಬಿಯಲ್ಲಿ ಎಷ್ಟು ಯಾವುದರದ್ದು ಅಂತ ಫೋನ್ ಹೇಳಲಾರದು. ಇಲ್ಲಿ ಕಂಪನಿಯ ಆ್ಯಪ್ ಒಂದೇ ಗತಿ. ಅದರಲ್ಲಿ ಕಳೆಯುತ್ತಿರುವುದೇ 4ಜಿ ಬಳಕೆ. ದೊಡ್ಡ ಫೈಲ್ ಇಳಿಸುವ ಮುಂಚೆ ಮೇಲೆ 5ಜಿ ಗುರುತು ಇದೆಯಾ ನೋಡಿ, ಅಷ್ಟೇ.

ರಾತ್ರಿ 12ರಿಂದ 6ರವರೆಗೆ ಲೆಕ್ಕ ಇಲ್ಲದ ಪ್ಲಾನ್ ವಿಐನಲ್ಲಿ (ವೊಡಾಫೋನ್ ಐಡಿಯಾ) 2021ರಲ್ಲಿ ಬಂತಲ್ಲ, ಅಂಥವರಿಗೂ ಇದೇ ಸಮಸ್ಯೆ. ಫೋನ್ ಅದನ್ನೂ ಎಣಿಸುತ್ತದೆ, ಕಂಪನಿ ಎಣಿಸಲ್ಲ. ಕಡ್ಡಿಮುರಿ ಅವರಿಗೆ ಖುಷಿ ಆಗಲಿ, ಇಲ್ಲಿ ಕಂಪನಿಯ ಅಂಕಿಯೇ ಕಡಿಮೆ.

ಪೆಂಗ್ವಿನ್‌ಪ್ರಿಯ

ಲಿನಕ್ಸ್ ಬಳಸುವವರಿಗೆ ಒಂದು ಮಾತು ಸೇರಿಸುತ್ತೇನೆ, ಯಾರೂ ಕೇಳದಿದ್ದರೂ. ವಿಎನ್‌ಸ್ಟಾಟ್ ಅನ್ನುವ ಡೇಟಾ ಲೆಕ್ಕದ ಪ್ರೋಗ್ರಾಂ ಹಾಕಿಕೊಳ್ಳಿ. ಅದು ಪ್ಯಾಕೆಟ್ ಒಳಗೆ ಇಣುಕಲ್ಲ, ಕರ್ನಲ್ (ಲಿನಕ್ಸ್‌ನ ತಿರುಳು) ಎಣಿಸಿಟ್ಟ ಅಂಕಿಯನ್ನು ಆಗಾಗ ಓದಿ ಬರೆದಿಡುತ್ತದೆ. ಮೆಷಿನ್ ರೀಬೂಟ್ ಆದರೂ ಹಳೇ ಲೆಕ್ಕ ಉಳಿಯುತ್ತದೆ. ಗಂಟೆವಾರು, ದಿನವಾರು, ತಿಂಗಳವಾರು ಎಲ್ಲ ಬರುತ್ತದೆ. ಯಾವ ಪ್ರೋಗ್ರಾಂ ಅಂತ ಹೇಳಲ್ಲ, ಅದಕ್ಕೆ ನೆಟ್‌ಹಾಗ್ಸ್ ಬೇಕು. ವಿಪಿಎನ್ ಹಾಕಿದ್ದರೆ ವಿಪಿಎನ್‌ನ ಸಾಲು, ವೈಫೈನ ಸಾಲು ಎರಡನ್ನೂ ಕೂಡಿಸಬೇಡಿ. ಒಂದೇ ಡೇಟಾ ಎರಡು ಸಲ ಎಣಿಸಿದ ಹಾಗೆ ಆಗುತ್ತದೆ. ಹಾಗೇ ಫೋನಿಂದ ಲ್ಯಾಪ್‌ಟಾಪಿಗೆ ವೈಫೈ ಮೂಲಕ ಫೈಲ್ ಕಳಿಸಿದ್ದು, ಪ್ರಿಂಟರ್‌ಗೆ ಕಳಿಸಿದ್ದು, ಇವೂ ಈ ಎಣಿಕೆಯಲ್ಲಿ ಸೇರುತ್ತವೆ. ಅದು ಮನೆಯೊಳಗಿನ ಓಡಾಟ, ಸಿಮ್‌ವರೆಗೆ ಹೋಗಲೇ ಇಲ್ಲ. ವಿಂಡೋಸ್ ಮೀಟರ್‌ಗಳ ಅಂಕಿ ಓದುವಾಗಲೂ ಇದು ನೆನಪಿರಲಿ.

ಆಂಡ್ರಾಯ್ಡ್‌ನಲ್ಲಿ ಡೇಟಾ ಅಳೆಯುವ ಹೊರಗಿನ ಆ್ಯಪ್ ಹಾಕುವವರು ನೋಡಿಕೊಂಡು ಹಾಕಿ. ಬಳಕೆಯ ಲೆಕ್ಕ ಓದಲು ಯೂಸೇಜ್ ಆ್ಯಕ್ಸೆಸ್ ಕೊಟ್ಟರೆ ಸಾಕು. ಬರೀ ಎಣಿಸುವುದಕ್ಕೆ ವಿಪಿಎನ್ ಅನುಮತಿ ಕೇಳಿದರೆ ನಾನಂತೂ ಕೊಡಲ್ಲ.

ಅಡಿಕೆತೋಟ

ಎಲ್ಲರಿಗೂ ಥ್ಯಾಂಕ್ಸ್. ಸಿಕ್ಕಿತು.

ರಾತ್ರಿ ಮಲಗುವಾಗ ರೂಟರ್ ಅಂಕಿ ಬರೆದೆ, ಬೆಳಿಗ್ಗೆ ಎದ್ದು ಮತ್ತೆ ನೋಡಿದೆ. ಇಳಿಕೆ ಹೆಚ್ಚೇನೂ ಇಲ್ಲ. ಏರಿಕೆ 1 ಜಿಬಿ ಹತ್ತಿರ! ರೂಟರ್‌ನ ಎಸ್‌ಎಂಎಸ್‌ನಲ್ಲಿ 50% ಮೆಸೇಜ್ ಬೆಳಗಿನ ಜಾವ ಬಂದಿತ್ತು. ಆಮೇಲೆ ಮೂರೂ ಫೋನಿನ ವೈಫೈ ಪುಟ ತೆಗೆದೆ. ತಮ್ಮನ ಫೋನಿನಲ್ಲಿ ಫೋಟೋ ಬ್ಯಾಕಪ್ ಆ್ಯಪ್ ಎಲ್ಲಕ್ಕಿಂತ ಮೇಲೆ ಕೂತಿತ್ತು. ಅವನು ಯಕ್ಷಗಾನ ಆಟಕ್ಕೆ ಹೋದಲ್ಲೆಲ್ಲ 4ಕೆಯಲ್ಲಿ ರೆಕಾರ್ಡ್ ಮಾಡುತ್ತಾನೆ. ಪದ್ಯ ಪದ್ಯವೇ ಹಿಡಿದಿದ್ದಾನೆ. ಅದೆಲ್ಲ ರಾತ್ರಿ ನಮ್ಮ 2 ಜಿಬಿಯಲ್ಲಿ ಮೋಡಕ್ಕೆ ಏರುತ್ತಿತ್ತು. "ನಾನು ಬಳಸಿಲ್ಲ" ಅಂದದ್ದು ಸುಳ್ಳೂ ಅಲ್ಲ ಪಾಪ, ಅವನು ಮಲಗಿದ್ದ.

ಮೂರೂ ಫೋನಿನಲ್ಲಿ, ಲ್ಯಾಪ್‌ಟಾಪಿನಲ್ಲಿ ಮೀಟರ್ಡ್ ಮಾಡಿದೆ. ಈಗ ಬೆಳಿಗ್ಗೆ ಎದ್ದಾಗ ಕಂಪನಿ ಆ್ಯಪ್‌ನಲ್ಲಿ ಹತ್ತಿರ ಹತ್ತಿರ ಪೂರ್ತಿ 2 ಜಿಬಿ ಇರುತ್ತದೆ. ರೂಟರ್ ಲೆಕ್ಕಕ್ಕೂ ಕಂಪನಿ ಲೆಕ್ಕಕ್ಕೂ ಸ್ವಲ್ಪ ವ್ಯತ್ಯಾಸ ಇನ್ನೂ ಇದೆ, ಮಳೆ ಜೋರಾದ ದಿನ ಜಾಸ್ತಿ ಅನ್ನಿಸುತ್ತದೆ. ಅದನ್ನು ಬಿಟ್ಟಿದ್ದೇನೆ.

ಹಳೇಮೋಡೆಮ್

4ಕೆ ವಿಡಿಯೋ ಒಂದು ನಿಮಿಷಕ್ಕೆ 170ರಿಂದ 350 ಎಂಬಿವರೆಗೆ ಆಗುತ್ತದೆ, ಯಾವ ಕೋಡೆಕ್ (ವಿಡಿಯೋ ಕುಗ್ಗಿಸುವ ವಿಧಾನ) ಅನ್ನುವುದರ ಮೇಲೆ. ಒಂದು ಆಟದ ರೆಕಾರ್ಡಿಂಗ್ ಪೂರ್ತಿ ಏರಲು ನಿಮ್ಮ ಪ್ಲಾನ್‌ನಲ್ಲಿ ತಿಂಗಳುಗಟ್ಟಲೆ ಬೇಕಿತ್ತು. ತಮ್ಮನಿಗೆ ಒಂದು ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ಕೊಡಿಸಿ.

ಕಡ್ಡಿಮುರಿ

ಮಳೆ ದಿನ ಜಾಸ್ತಿ ಕಳೆಯುತ್ತದೆ ಅಂತ ಅವರೇ ಹೇಳುತ್ತಿದ್ದಾರೆ ನೋಡಿ. ನಾನು ಹೇಳಿದ್ದು ಅದನ್ನೇ. ತಲುಪದ ಪ್ಯಾಕೆಟ್‌ಗೆ ದುಡ್ಡು ಯಾಕೆ ಕೊಡಬೇಕು?

ಟವರ್‌ಕೆಳಗೆ

ಇದಕ್ಕೆ ನನ್ನ ಹತ್ತಿರ ಒಳ್ಳೆ ಉತ್ತರ ಇಲ್ಲ. ಕೊಡಬಾರದು ಅಂತಲೇ ನನಗೂ ಅನ್ನಿಸುತ್ತದೆ.

ಸುಮ್ನೆಓದುವವ

ಒಂದು ಕೊನೇ ಡೌಟು. ನನ್ನ ಪ್ಲಾನ್ ದಿನದ್ದಲ್ಲ, 28 ದಿನಕ್ಕೆ ಒಟ್ಟು ಡೇಟಾ. ಫೋನಿನಲ್ಲಿ ಸೈಕಲ್ ತಾರೀಕು, ಅಂದರೆ ಡೇಟಾ ಲೆಕ್ಕ ಹೊಸದಾಗಿ ಶುರುವಾಗುವ ತಾರೀಕು, 1 ಅಂತ ಇದೆ. ಹಾಗೇ ಬಿಡಲಾ?

ಕಾಫಿನಾಡಮೇಷ್ಟ್ರು

ಬಿಡಬೇಡಿ. ರೀಚಾರ್ಜ್ ಮಾಡಿದ ತಾರೀಕು ಹಾಕಿ. ಆಂಡ್ರಾಯ್ಡ್‌ನ ಸೈಕಲ್ ತಿಂಗಳ ತಾರೀಕಿನ ಮೇಲೆ ಓಡುತ್ತದೆ, 28 ದಿನ ಅಂತ ಅದಕ್ಕೆ ಗೊತ್ತಿಲ್ಲ. ಹಾಗಾಗಿ ಪ್ರತಿ ರೀಚಾರ್ಜ್‌ಗೂ ಎರಡು ಮೂರು ದಿನ ಹಿಂದಕ್ಕೆ ಸರಿಸಬೇಕಾಗುತ್ತದೆ. ಐಫೋನ್ ಆದರೆ ತಾನಾಗೇ ಸೊನ್ನೆ ಆಗುವುದೇ ಇಲ್ಲ, ರೀಚಾರ್ಜ್ ಮಾಡಿದ ದಿನ ರೀಸೆಟ್ ಸ್ಟ್ಯಾಟಿಸ್ಟಿಕ್ಸ್ ನೀವೇ ಒತ್ತಬೇಕು. ವಾರ್ನಿಂಗ್ ಅನ್ನು ಪ್ಲಾನ್‌ಗಿಂತ ಸ್ವಲ್ಪ ಕೆಳಗೆ ಇಡಿ, 25 ಜಿಬಿ ಪ್ಲಾನ್ ಆದರೆ 22ಕ್ಕೆ. ಟವರ್‌ಕೆಳಗೆ ಹೇಳಿದ ಆ ವ್ಯತ್ಯಾಸ ಅದರಲ್ಲಿ ಹೊಂದಿಕೊಳ್ಳುತ್ತದೆ.